ಸಾಹೇಬರ ರಜೆ

ವರ್ಷಕ್ಕೊಮ್ಮೆ ಆ ಶಾಲೆಯಲ್ಲಿ ದಡ್ಡ ಮಕ್ಕಳಿಗೆ ಒಂದು ದಿನ ರಜೆ ಸಿಗುತ್ತಿತ್ತು. ಕೊಡುವವರು ಹೆಡ್‌ಮಾಸ್ಟರು. ಮನೆ ಮನೆಗೆ ಹೋಗಿ ಹೇಳಿ ಬರುವವಳು ಶಾಲೆಯ ಕಸ ಗುಡಿಸುವ, ಕಕ್ಕಸು ತೊಳೆಯುವ, ಗಂಟೆ ಹೊಡೆಯುವ ಹೆಂಗಸು. ಗಂಟೆಯಕ್ಕ ಎಂದೇ ಎಲ್ಲರೂ ಅವಳನ್ನು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಮತ್ತೆ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಆ ರಜೆಯ ದಿನ ಮೇಲಿನ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದು ಮಕ್ಕಳಿಗೆ ಪರೀಕ್ಷೆ ಕೊಡುತ್ತಿದ್ದರು. ಬರೆದ ಮಕ್ಕಳ ಅಂಕಗಳನ್ನೆಲ್ಲ ಕೂಡಿಸಿ, ಬರೆದವರ ತಲೆಗೆ ಭಾಗಿಸಿ, ಶಾಲೆಗೊಂದು ದರ್ಜೆ ಕೊಡುತ್ತಿದ್ದರು. ದರ್ಜೆ ತೀರ ಕೆಳಗೆ ಹೋದ ಶಾಲೆಗೆ ಬೀಗ. ಆ ಸಣ್ಣ ಪಟ್ಟಣದಲ್ಲಿ ಸರ್ಕಾರಿ ಶಾಲೆಗಳಿದ್ದದ್ದೇ ಬೆರಳೆಣಿಕೆಯಷ್ಟು. ಎರಡಕ್ಕೆ ಆಗಲೇ ಬೀಗ ಬಿದ್ದಿತ್ತು. ಒಂದರಲ್ಲಿ ಈಗ ಸಿಮೆಂಟು ಮೂಟೆ ಪೇರಿಸಿದ್ದರು. ಇನ್ನೊಂದರ ಜಗಲಿಯಲ್ಲಿ ನಾಯಿಗಳು ಮರಿ ಹಾಕಿದ್ದವು.

ಪರೀಕ್ಷೆಗೆ ಬರದ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹುಷಾರಿಲ್ಲ ಎಂದರೆ ಮುಗಿಯಿತು. ಆದ್ದರಿಂದ ಅಂಕ ಇಳಿಸುವ ಮಕ್ಕಳೆಲ್ಲ ಆ ಒಂದು ದಿನ ಒಟ್ಟಿಗೆ ಹುಷಾರು ತಪ್ಪುತ್ತಿದ್ದರು. ಅವರೆಲ್ಲರ ಮನೆಯೂ ಒಂದೇ ಗಲ್ಲಿಯಲ್ಲಿತ್ತು.

ಲಾಂಡ್ರಿ ಗಲ್ಲಿ ಅದು. ಆಸ್ಪತ್ರೆಗಳ, ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಬೆನ್ನಿಗೆ ಅಂಟಿಕೊಂಡಿತ್ತು. ಲಾಂಡ್ರಿಯ ಸೋಡಾ ನೀರು ಗಲ್ಲಿಯ ನಡುವಿನ ಚರಂಡಿಯಲ್ಲಿ ಹಬೆಯಾಡುತ್ತಾ ಹರಿಯುತ್ತಿತ್ತು. ಮೇಷ್ಟ್ರುಗಳು ಯಾರೂ ಅತ್ತ ಕಾಲು ಹಾಕುತ್ತಿರಲಿಲ್ಲ. ಗಲ್ಲಿಯ ಹೆಂಗಸರೆಲ್ಲ ಒಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹಾಸು ಹೊದಿಕೆ ಎತ್ತಿ ಹಾಕುತ್ತಿದ್ದರು. ಒಣಗಿದ ಬಟ್ಟೆಗಿಂತ ಒದ್ದೆ ಬಟ್ಟೆಯ ಭಾರ ಎಷ್ಟು ಪಟ್ಟು ಎಂದು ಅವರ ಸೊಂಟಗಳು ಹೇಳುತ್ತಿದ್ದವು. ಮಕ್ಕಳು ಬೆಳಕು ಹರಿಯುವ ಮೊದಲೇ ಹೋಗಿ ಕೊಳೆ ಬಟ್ಟೆ ಬೇರ್ಪಡಿಸಬೇಕು. ರಕ್ತ ಇದ್ದದ್ದು ಒಂದು ಕಡೆ. ಮಲ ಇದ್ದದ್ದು ಇನ್ನೊಂದು ಕಡೆ. ಆಮೇಲೆ ಒಗೆದದ್ದನ್ನು ಮಡಚಬೇಕು. ಬ್ಲೀಚು ತಾಕಿ ಆ ಮಕ್ಕಳ ಬೆರಳ ಸಂದುಗಳು ಸೀಳಿರುತ್ತಿದ್ದವು. ಪೆನ್ಸಿಲು ಹಿಡಿದರೆ ಉರಿಯುತ್ತಿತ್ತು. ಕೆಲಸ ಮುಗಿಸಿ ಮುಖ ತೊಳೆದುಕೊಂಡು ಶಾಲೆಗೆ ಬಂದು ಬೆಂಚಿನ ಮೇಲೆ ಕುಳಿತರೆ, ಮೈ ಎಲ್ಲಿ ಸಿಕ್ಕಿತೋ ಅಲ್ಲೇ ನಿದ್ದೆ. ಮೇಷ್ಟ್ರು ಸೀಮೆಸುಣ್ಣ ಎಸೆಯುತ್ತಿದ್ದರು. ಹಣೆಗೆ ತಾಗಿದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಈ ಮಕ್ಕಳನ್ನು ಶಾಲೆ ದಡ್ಡರು ಎನ್ನುತ್ತಿತ್ತು.

ಮೊದಲ ವರ್ಷ ರಜೆಯ ಸುದ್ದಿ ಹಿಡಿದು ಗಲ್ಲಿಗೆ ಬಂದಾಗ ಗಂಟೆಯಕ್ಕನಿಗೆ ನಿಜ ಹೇಳಲು ಮನಸ್ಸು ಬರಲಿಲ್ಲ. ಅವಳೂ ಅದೇ ಗಲ್ಲಿಯವಳು. ಮೊದಲ ಬಾಗಿಲು ಇಸ್ತ್ರಿಯಜ್ಜಿಯದು. ಮಗ ಸೊಸೆ ಇಬ್ಬರೂ ಇಲ್ಲದ ಮನೆಯಲ್ಲಿ ಅಜ್ಜಿ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಮೊಮ್ಮಗನನ್ನು ಸಾಕುತ್ತಿತ್ತು.

"ನಾಳೆ ಇವನನ್ನ ಕಳಿಸ್ಬೇಡಿ ಅಜ್ಜಿ" ಎಂದಳು.

"ಯಾಕಂತೆ? ಏನು ಕಿತಾಪತಿ ಮಾಡಿದ?"

"ಏನೂ ಮಾಡಿಲ್ಲ. ಬೆಳಗ್ಗೆಯಿಂದ ದುಡೀತಾವಲ್ಲ ಮಕ್ಕಳು. ಸುಸ್ತಾಗಿರ್ತಾವೆ ಅಂತ ಹೆಡ್‌ಮಾಸ್ಟರು ರಜೆ ಕೊಟ್ಟಿದ್ದಾರೆ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಿತು. ಇಡೀ ಗಲ್ಲಿ ನಂಬಿತು. ಕ್ಲಾಸಿನಲ್ಲಿ ನಿದ್ದೆ ಮಾಡುವ ಮಕ್ಕಳ ಕಿವಿಗೆ ಪರೀಕ್ಷೆಯ ಮಾತು ಬಿದ್ದಿರಲಿಲ್ಲ. ಬಾಯಿಂದ ಬಾಯಿಗೆ ಹೋಗಿ ಮಾತು ಬೆಳೆಯಿತು: ಯಾರೋ ಸಾಹೇಬರು ಜೀಪಿನಲ್ಲಿ ಬರುತ್ತಾರೆ, ದುಡಿಯುವ ಮಕ್ಕಳನ್ನು ನೋಡಿ ಕರುಳು ಚುರುಕ್ ಅಂದು ಒಂದು ದಿನ ಬಿಡುವು ಕೊಡುತ್ತಾರೆ. ಅದಕ್ಕೆ ಸಾಹೇಬರ ರಜೆ ಎಂಬ ಹೆಸರೂ ಬಿತ್ತು. ಆ ದಿನ ಮಕ್ಕಳು ಮಲಗಿದರೇ? ಇಲ್ಲ. ಶಾಲೆ ಇಲ್ಲ ಎಂದ ಮೇಲೆ ಸಂಜೆಯವರೆಗೂ ಲಾಂಡ್ರಿ. ಆದರೂ ಕಾಣದ ಸಾಹೇಬರ ಮೇಲೆ ಗಲ್ಲಿಗೆ ಪ್ರೀತಿ. ಅಜ್ಜಿಯಂತೂ ಪ್ರತಿ ವರ್ಷ ರಜೆ ಬಂದಾಗ ಹೆಡ್‌ಮಾಸ್ಟರ ಅಂಗಿಗಳನ್ನು ತರಿಸಿಕೊಂಡು ಬಿಟ್ಟಿ ಇಸ್ತ್ರಿ ಮಾಡಿ ಕಳಿಸುತ್ತಿತ್ತು. ಕಾಲರು ಕಾಗದದ ಹಾಗೆ ನಿಲ್ಲುತ್ತಿತ್ತು.

ಇಷ್ಟು ವರ್ಷ ಗಂಟೆಯಕ್ಕ ಇದನ್ನು ನುಂಗಿಕೊಂಡೇ ಬಂದಿದ್ದಳು. ಶಾಲೆ ಉಳಿದರೆ ಕೆಲಸ ಉಳಿಯುತ್ತದೆ. ಶಾಲೆ ಉಳಿದರೆ ಅವಳ ಮಗಳು ಓದುತ್ತಾಳೆ.

ಮಗಳು ಚಿಣ್ಣಿ ಏಳನೇ ಕ್ಲಾಸು. ಲಾಂಡ್ರಿಯ ಮೆಟ್ಟಿಲು ಹತ್ತಿಸದೆ ಬೆಳೆಸಿದ ಮಗಳು. ಗಂಟೆಯಕ್ಕನಿಗೆ ಬದುಕಿನಲ್ಲಿ ಒಂದು ಹಟ ಅಂತ ಇದ್ದರೆ ಇದೇ. ಗಂಡ ಬಿಟ್ಟು ಹೋದಾಗ ಗಲ್ಲಿಯವರೆಲ್ಲ ಹೇಳಿದರು, ಹುಡುಗಿಯ ಕೈಯೂ ಸೇರಿದರೆ ಮನೆ ನಡೆಯುತ್ತದೆ ಎಂದು. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನನ್ನ ಮಗಳ ಕೈ ಪುಸ್ತಕ ಹಿಡಿಯಲಿ ಎಂದಳು.

ಹಾಗೆಂದವಳೇ ಆ ಕೈಗೆ ಕಕ್ಕಸಿನ ಬ್ರಷ್ಷು ಕೊಡಬೇಕಾಯಿತು.

ಕಳೆದ ವರ್ಷ ನೀರು ತುಂಬಿದ ಬಕೆಟು ಎತ್ತುವಾಗ ಅವಳ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನಿಂತು ಗುಡಿಸುತ್ತಿದ್ದಳು, ಬಗ್ಗಿ ತಿಕ್ಕಲು ಆಗುತ್ತಿರಲಿಲ್ಲ. ಎರಡು ದಿನ ಕಕ್ಕಸು ನಾರಿತು. ಹೆಡ್‌ಮಾಸ್ಟರು ಕರೆಸಿದರು. ಕೆಲಸಕ್ಕೆ ಬೇರೆಯವರನ್ನು ನೋಡಬೇಕಾಗುತ್ತದಲ್ಲ ಎಂದು ಪೇಚಾಡಿದರು. ಬಾಗಿಲಲ್ಲಿ ನಿಂತಿದ್ದ ಚಿಣ್ಣಿ, "ನಾನು ತೊಳೀತೀನಿ ಸಾರ್" ಎಂದಳು. ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ, "ಜಾಣೆ. ಅಮ್ಮನಿಗೆ ಆಸರೆ ಆಗ್ತೀಯ" ಎಂದು ತಲೆ ಸವರಿದರು. ಆ ಹೊತ್ತಿನಲ್ಲಿ ಅದು ದೊಡ್ಡ ಉಪಕಾರ ಎನಿಸಿತು. ತಾಯಿ ಮಗಳು ಇಬ್ಬರೂ ಕೈ ಮುಗಿದರು.

ಮಕ್ಕಳು ಬಂದು ಪ್ರಾರ್ಥನೆ ಮುಗಿದು ಒಂದು ಸುತ್ತು ಕಕ್ಕಸಿಗೆ ಹೋಗಿ ಬಂದ ಮೇಲೆಯೇ ತೊಳೆಯಬೇಕು. ಮೊದಲೇ ತೊಳೆದರೆ ಮತ್ತೆ ಗಲೀಜು. ಹಾಗಾಗಿ ಎಲ್ಲರೂ ಕ್ಲಾಸಿಗೆ ಹೋಗುವಾಗ ಚಿಣ್ಣಿ ಲಂಗ ಎತ್ತಿ ಕಟ್ಟಿ ಕಕ್ಕಸಿಗೆ ಹೋಗುತ್ತಿದ್ದಳು. ತಾಯಿ ನೀರು ಎರೆಯುತ್ತಿದ್ದಳು, ಮಗಳು ಮಂಡಿಯೂರಿ ತಿಕ್ಕುತ್ತಿದ್ದಳು. ಆಸಿಡ್ಡಿನ ಘಾಟಿಗೆ ಕಣ್ಣಲ್ಲಿ ನೀರು. ತನ್ನ ಕ್ಲಾಸಿನವರು ಕೂತೆದ್ದ ಗುಂಡಿಗಳನ್ನೇ ತಿಕ್ಕಿ, ಮೊಣಕೈತನಕ ಕೈ ತೊಳೆದು ಅವಳು ಕ್ಲಾಸಿಗೆ ಹೋಗುವ ಹೊತ್ತಿಗೆ ಮೊದಲ ಪೀರಿಯಡ್ಡು ಮುಗಿದಿರುತ್ತಿತ್ತು. ಮೊದಲ ಪೀರಿಯಡ್ಡು ಲೆಕ್ಕ. ಪಕ್ಕದಲ್ಲಿ ಕೂರುವ ಹುಡುಗಿಯರು ಸರಿದು ಕೂರುತ್ತಿದ್ದರು. ಫಿನಾಯಿಲು ಎಂದು ಅಡ್ಡಹೆಸರಿಟ್ಟಿದ್ದರು. ಚಿಣ್ಣಿ ಮನೆಯಲ್ಲಿ ಇದ್ಯಾವುದನ್ನೂ ಹೇಳುತ್ತಿರಲಿಲ್ಲ.

ಲೆಕ್ಕದ ಟೀಚರಿಗೆ ಇನ್ನೂ ಚಿಕ್ಕ ವಯಸ್ಸು. ಮಧ್ಯಾಹ್ನ ಸಿಕ್ಕರೆ ತಪ್ಪಿದ ಪಾಠ ಹೇಳಿಕೊಡುತ್ತೇನೆ ಎನ್ನುತ್ತಿದ್ದರು. ಆದರೆ ಮಧ್ಯಾಹ್ನಗಳಲ್ಲಿ ಅವರ ತಲೆಗೆ ಬೇರೆ ಮೂರು ಕ್ಲಾಸುಗಳ ಹೊರೆ ಬೀಳುತ್ತಿತ್ತು. ಯಾವಾಗಲಾದರೊಮ್ಮೆ ಹೇಳಿಕೊಟ್ಟರು. ಯಾವಾಗಲಾದರೊಮ್ಮೆ ಕಲಿತರೆ ಲೆಕ್ಕ ಬರುತ್ತದೆಯೇ?

ಈ ವರ್ಷ ಪರೀಕ್ಷೆಯ ಹಿಂದಿನ ದಿನ, ಶಾಲೆ ಬಿಟ್ಟ ಮೇಲೆ, ಹೆಡ್‌ಮಾಸ್ಟರು ಗಂಟೆಯಕ್ಕನನ್ನು ಕೋಣೆಗೆ ಕರೆದರು. ಎಂದಿನಂತೆ ಬಾಗಿಲು ಅರ್ಧ ಮುಚ್ಚಿದರು. ಎಂದಿನಂತೆ ಬಾಯಿಮಾತಿನಲ್ಲೇ ಹೇಳಿದರು.

"ಇಸ್ತ್ರಿಯಜ್ಜಿ ಮೊಮ್ಮಗ. ಗಾಡಿ ತಳ್ಳೋನ ಇಬ್ಬರು ಮಕ್ಕಳು. ನಲ್ಲಿ ಪಕ್ಕದ ಮನೆ ಅವಳಿಜವಳಿ. ಆ ಉಗ್ಗು ಮಾತಿನ ಹುಡುಗಿ..."

ಅವಳು ತಲೆಯಾಡಿಸುತ್ತಾ ಹೋದಳು. ಹೆಸರು ಬೇಕಿರಲಿಲ್ಲ. ಗಲ್ಲಿಯ ಬಾಗಿಲುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬರುತ್ತಿದ್ದವು. ಹೇಳಿ ಮುಗಿಸಿ ಅವರು ಕನ್ನಡಕ ತೆಗೆದು ಒರೆಸಿದರು.

"ಆಮೇಲೆ ನಿಮ್ಮ ಮನೇದು. ನಿನಗೇ ಗೊತ್ತಲ್ಲ."

"ಏನು ಸಾರ್?"

"ಅದೇ ನಿನ್ನ ಮಗಳು. ನಾಳೆ ಒಂದಿನ ಮನೇಲಿರ್ಲಿ."

ಗಂಟೆಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ಅವಳು ಓದ್ತಾಳೆ ಸಾರ್. ಮನೇಲಿ ಜೋರಾಗಿ ಓದ್ತಾಳೆ, ಪಕ್ಕದ ಮನೆಯವರು ಬೈತಾರೆ."

"ಓದ್ತಾಳೆ. ಯಾರು ಇಲ್ಲ ಅಂದ್ರು? ಲೆಕ್ಕದಲ್ಲಿ ಸೊನ್ನೆ ಸುತ್ತಿದ್ದಾಳೆ. ಲೆಕ್ಕದ ಪೇಪರೇ ನಮ್ಮನ್ನ ಮುಳುಗಿಸೋದು."

"ಲೆಕ್ಕದ ಪೀರಿಯಡ್ಡಲ್ಲಿ ಅವಳು ಕ್ಲಾಸಲ್ಲಿ ಇರಲ್ವಲ್ಲ ಸಾರ್."

ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡಿದರು. ಅವರನ್ನು ಕೆಟ್ಟವರು ಎಂದುಬಿಟ್ಟರೆ ಕೆಲಸ ಸುಲಭ. ಅವರು ಕೆಟ್ಟವರಲ್ಲ. ಸೋರುವ ಮಾಡಿಗೆ ಸ್ವಂತ ದುಡ್ಡಿನಲ್ಲಿ ತಗಡು ಹಾಕಿಸಿದ್ದರು. ಮೇಲಿನವರು ಮೇಷ್ಟ್ರುಗಳನ್ನು ಕೊಡಲಿಲ್ಲ, ತೊಳೆಯುವವಳಿಗೆ ಜೊತೆಗೊಬ್ಬಳನ್ನು ಕೊಡಲಿಲ್ಲ, ದರ್ಜೆ ಮಾತ್ರ ಕೇಳಿದರು. ಹೆಡ್‌ಮಾಸ್ಟರು ತಮ್ಮ ಕೈಗೆ ಸಿಕ್ಕ ಬಡಪಾಯಿಗಳನ್ನು ಮರೆಯಲ್ಲಿ ನಿಲ್ಲಿಸಿ ಶಾಲೆಯನ್ನು ಉಳಿಸಿಕೊಂಡು ಬಂದಿದ್ದರು.

"ನೋಡಮ್ಮ" ಎಂದರು. "ಈ ಸಲ ಕತ್ತಿ ಕುತ್ತಿಗೆ ಮೇಲಿದೆ. ಒಂದು ಚೂರು ಇಳಿದ್ರೂ ಬೀಗ ಹಾಕ್ತಾರೆ. ಆಮೇಲೆ ನಿಮ್ಮ ಮಕ್ಕಳು ಹೆದ್ದಾರಿ ದಾಟಿ ಆ ಕಡೆ ಶಾಲೆಗೆ ಹೋಗ್ಬೇಕು. ಹೋಗ್ತಾರಾ? ಒಂದು ದಿನ ಮನೇಲಿ ಕೂತ್ರೆ ಯಾರ ಗಂಟು ಹೋಗುತ್ತೆ ಹೇಳು."

ಅವಳು ಅರ್ಧ ಮುಚ್ಚಿದ್ದ ಬಾಗಿಲು ತೆರೆದು ಹೊರಗೆ ಬಂದಳು.

ಮನೆಗೆ ಬಂದಾಗ ಚಿಣ್ಣಿ ಯೂನಿಫಾರ್ಮ್ ಒಗೆದು ಹರವಿದ್ದಳು. ನಾಳೆ ಸಾಹೇಬರು ಬರುತ್ತಾರೆ, ಬಿಳಿ ಅಂಗಿ ಬಿಳಿಯಾಗಿಯೇ ಇರಬೇಕು ಎಂದು ಟೀಚರು ಎಲ್ಲರಿಗೂ ಹೇಳಿದ್ದರಂತೆ. ಎಲ್ಲರಿಗೂ ಎಂದರೆ ತನಗೂ ಎಂದು ಹುಡುಗಿ ತಿಳಿದಿದ್ದಳು. ಪೆನ್ಸಿಲು ಹೆರೆದು ಮೊನೆಯನ್ನು ತುಟಿಗೆ ಚುಚ್ಚಿ ನೋಡುತ್ತಿದ್ದಳು.

"ಅಮ್ಮ, ಭಿನ್ನರಾಶಿ ಕೊಡ್ತಾರಂತೆ. ಕೂಡೋದು ಬರುತ್ತೆ. ಭಾಗಿಸೋದು ಬರಲ್ಲ."

"ಕೂಡೋದು ಮಾಡು" ಎಂದಳು ತಾಯಿ.

ಆಮೇಲೆ ಗಲ್ಲಿಯ ಮನೆಗಳಿಗೆ ಹೊರಟಳು. ಇಸ್ತ್ರಿಯಜ್ಜಿ ಆಗ ತಾನೇ ಲಾಂಡ್ರಿಯಿಂದ ಬಂದು ಬಾಗಿಲಲ್ಲಿ ಕಾಲು ಚಾಚಿ ಕುಳಿತಿತ್ತು. ಊದಿದ ಪಾದಗಳಿಗೆ ಮೊಮ್ಮಗ ಬಿಸಿನೀರು ಹಾಕುತ್ತಿದ್ದ.

"ಬಂದಳು ನೋಡು ರಜೆಯಮ್ಮ" ಎಂದಿತು ಅಜ್ಜಿ. "ಇವಳ ಮುಖ ಕಂಡ್ರೆ ಲಾಂಡ್ರಿ ಮೇನೇಜರಿಗೂ ಖುಷಿ, ನಾಳೆ ಇಡೀ ದಿನ ಹುಡುಗರು ಸಿಗ್ತಾರಲ್ಲ ಅಂತ. ಹೆಡ್‌ಮಾಸ್ಟರ ಅಂಗಿ ತಂದ್ಯಾ? ಈ ಸಲ ಪ್ಯಾಂಟೂ ಕೊಡೋಕೆ ಹೇಳು. ಅಂಗಿ ಒಂದೇ ನೆಟ್ಟಗಿದ್ರೆ ಮನುಷ್ಯ ನೆಟ್ಟಗಾಗ್ತಾನಾ?"

ಅಜ್ಜಿ ತನ್ನ ಜೋಕಿಗೆ ತಾನೇ ನಕ್ಕಿತು. ಗಂಟೆಯಕ್ಕ ಚರಂಡಿಯ ಈಚೆಗೇ ನಿಂತಳು.

"ರಜೆ ಇಲ್ಲ ಅಜ್ಜಿ."

"ಯಾಕೆ, ಸಾಹೇಬರು ಸತ್ರಾ?"

"ಅಂಥ ರಜೆ ಯಾವತ್ತೂ ಇರಲಿಲ್ಲ. ನಾನೇ ಸುಳ್ಳು ಹೇಳಿದ್ದು. ನಮ್ಮ ಮಕ್ಕಳು ದಡ್ಡರು, ಬಂದು ಬರೆದ್ರೆ ಶಾಲೆ ಮರ್ಯಾದೆ ಹೋಗುತ್ತೆ, ಅದಕ್ಕೆ ಪರೀಕ್ಷೆ ದಿನ ಬರಬೇಡಿ ಅಂತ ಹೆಡ್‌ಮಾಸ್ಟರು ಹೇಳಿ ಕಳಿಸ್ತಿದ್ರು. ಸುಸ್ತು ಗಿಸ್ತು ಏನೂ ಇಲ್ಲ. ಸಾಹೇಬರಿಗೆ ನಮ್ಮ ಮಕ್ಕಳು ಇದ್ದಾರೆ ಅಂತಲೇ ಗೊತ್ತಿಲ್ಲ."

ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಅವಳು ಇನ್ನೊಮ್ಮೆ ಹೇಳಿದಳು. ಎಲ್ಲವನ್ನೂ ಹೇಳಿದಳು. ದರ್ಜೆ ಇಳಿದರೆ ಬೀಗ ಬೀಳುವುದನ್ನೂ ಹೇಳಿದಳು. ಮುಚ್ಚಿಡಲಿಲ್ಲ. ಆದರೆ ಬೀಗದ ಮಾತು ಆ ಹೊತ್ತಿನಲ್ಲಿ ಯಾರ ಕಿವಿಗೂ ಇಳಿಯಲಿಲ್ಲ.

ಇಸ್ತ್ರಿಯಜ್ಜಿ ಕಾಲು ಒಳಗೆಳೆದುಕೊಂಡಿತು.

"ಇಷ್ಟು ವರ್ಷ ಆ ಮನುಷ್ಯನ ಅಂಗಿ ಉಜ್ಜಿದ್ದೀನಲ್ಲೇ" ಎಂದಿತು. "ನನ್ನ ಮೊಮ್ಮಗನ ಮೇಲೆ ಕರುಣೆ ಇದೆ ಅಂತ ಉಜ್ಜಿದ್ದೀನಿ."

"ನನ್ನ ಮಗಳನ್ನೂ ಸೇರಿಸಿದ್ದಾರೆ ಅಜ್ಜಿ."

"ಓ. ಅದಕ್ಕೇ ಇವತ್ತು ಬಾಯಿ ಬಂತು."

ಅದು ಮುಖಕ್ಕೆ ಹೊಡೆದ ಹಾಗಿತ್ತು. ಮಾತು ನಿಜವಾಗಿತ್ತು. ಅಜ್ಜಿ ಮೊಮ್ಮಗನ ಕಡೆ ತಿರುಗಿತು. "ನಾಳೆ ಲಾಂಡ್ರಿ ಇಲ್ಲ ನಿನಗೆ. ಹೋಗಿ ಬರಿ. ಬಂದಷ್ಟು ಬರಿ. ಬರದಿದ್ರೆ ನಿನ್ನ ಹೆಸರಾದ್ರೂ ದೊಡ್ಡದಾಗಿ ಬರಿ."

ಬೆಳಗ್ಗೆ ಹೆಡ್‌ಮಾಸ್ಟರು ಗೇಟಿನಲ್ಲೇ ನಿಂತಿದ್ದರು. ಮೊದಲು ಪೇಟೆ ಬೀದಿಯ ಮಕ್ಕಳು ಬಂದರು. ಆಮೇಲೆ ಲಾಂಡ್ರಿ ಗಲ್ಲಿ ಬಂತು. ಒಬ್ಬರಿಬ್ಬರಲ್ಲ, ಎಲ್ಲರೂ. ಹಿಂದೆ ಕೆಲವರು ತಾಯಂದಿರು, ಮೊಣಕಾಲತನಕ ಒದ್ದೆಯಾದ ಸೀರೆಯಲ್ಲಿ. ಅರ್ಧ ಕೆಲಸ ಬಿಟ್ಟು ಬಂದಿದ್ದರು. ಮುಂದೆ ಇಸ್ತ್ರಿಯಜ್ಜಿ, ಮೊಮ್ಮಗನ ರಟ್ಟೆ ಹಿಡಿದುಕೊಂಡು.

"ಏನಿದು?" ಎಂದರು ಹೆಡ್‌ಮಾಸ್ಟರು. "ನಿಮಗೆಲ್ಲ ಇವತ್ತು ರಜೆ ಅಲ್ವಾ?"

"ರಜೆ ಸಾಕಾಯ್ತು ಸ್ವಾಮಿ" ಎಂದಿತು ಅಜ್ಜಿ. "ಮಲಗಿ ಮಲಗಿ ಮಕ್ಕಳ ಬೆನ್ನು ನೋವು."

ಯಾರೋ ನಕ್ಕರು. ಹೆಡ್‌ಮಾಸ್ಟರು ಗೇಟಿಗೆ ಅಡ್ಡ ಕೈ ಹಾಕಿ ಗಂಟೆಯಕ್ಕನನ್ನು ಹುಡುಕಿದರು. ಅವಳು ಒಳಗಡೆ, ಬಿಳಿ ಅಂಗಿಯ ಮಗಳ ಪಕ್ಕದಲ್ಲಿ ನಿಂತಿದ್ದಳು.

"ನಿನ್ನೆ ಹೋಗಿದ್ದೆ ತಾನೇ?"

"ಹೋಗಿದ್ದೆ."

"ಏನು ಹೇಳಿದೆ?"

"ಬನ್ನಿ ಅಂದೆ."

ಹೆಡ್‌ಮಾಸ್ಟರು ದನಿ ತಗ್ಗಿಸಿದರು. "ಇನ್ನೂ ಟೈಮಿದೆ. ಜೀಪು ಬರೋದ್ರೊಳಗೆ ವಾಪಸ್ ಕಳಿಸು. ನಿನ್ನ ಮಾತು ಕೇಳ್ತಾರೆ. ಹೇಳು."

"ಹೇಳಲ್ಲ."

"ಏನಂದೆ?"

"ಹೇಳಲ್ಲ ಸಾರ್." ಸಾರ್ ಎನ್ನುವುದು ರೂಢಿಯಿಂದ ಬಂತು. ದನಿ ನಡುಗಲಿಲ್ಲ. "ಮೊದಲನೇ ಪೀರಿಯಡ್ಡಲ್ಲಿ ನನ್ನ ಮಗಳು ಎಲ್ಲಿರ್ತಾಳೆ ಅಂತ ನಿಮಗೆ ಗೊತ್ತು. ನಿಮ್ಮ ಹೇಲು ತೊಳೀತಿರ್ತಾಳೆ. ಕ್ಲಾಸಲ್ಲಿ ಕೂರಿಸಿ ಸೊನ್ನೆ ಕೊಟ್ಟಿದ್ರೆ ಅದು ಅವಳ ಸೊನ್ನೆ. ಇದು ಅವಳದಲ್ಲ. ಇದು ನಿಮ್ಮದು. ಹೊತ್ತುಕೊಳ್ಳಿ."

ಪೇಟೆ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಚಿಣ್ಣಿ ತಲೆ ತಗ್ಗಿಸಿದಳು. ಎಲ್ಲರ ಮುಂದೆ ಅಮ್ಮ ಆ ಮಾತು ಆಡಿದ್ದಕ್ಕೆ ಅವಳಿಗೆ ನಾಚಿಕೆಯಾಗಿತ್ತು. ಲೆಕ್ಕದ ಟೀಚರು ಜಗಲಿಯಿಂದ ಇಳಿದು ಬಂದವರು ಅರ್ಧದಲ್ಲೇ ನಿಂತರು.

ಹೆಡ್‌ಮಾಸ್ಟರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಜೀಪು ಕಾಣಿಸಿತು. ಅವರು ಅಡ್ಡ ಹಾಕಿದ್ದ ಕೈ ತೆಗೆದರು. ಮುಖಕ್ಕೆ ನಗು ತಂದುಕೊಂಡರು. ಮಕ್ಕಳು ಅವರನ್ನು ದಾಟಿ ಒಳಗೆ ಹೋದರು.

ಆ ದಿನ ಬೆಳಗ್ಗೆ ಕಕ್ಕಸು ಯಾರೂ ತೊಳೆಯಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಕ್ಕಳು ಕುಳಿತು ಬರೆದರು, ಗೆದ್ದರು ಎಂದು ಹೇಳಬಹುದಿತ್ತು. ಆದರೆ ಬೆಂಚಿನ ಮೇಲೆ ಒಂದು ದಿನ ಕೂರುವ ಹಕ್ಕು ಸಿಕ್ಕಿದ ಮಾತ್ರಕ್ಕೆ ಭಾಗಾಕಾರ ಬರುವುದಿಲ್ಲ. ಉಗ್ಗು ಮಾತಿನ ಹುಡುಗಿ ಪ್ರಶ್ನೆಗಳನ್ನೇ ದುಂಡಗೆ ಮತ್ತೆ ಬರೆದು ಕೊಟ್ಟಳು. ಇಸ್ತ್ರಿಯಜ್ಜಿಯ ಮೊಮ್ಮಗ ಹೆಸರನ್ನು ದೊಡ್ಡದಾಗಿ ಬರೆದ, ಎರಡು ಲೆಕ್ಕ ಮಾಡಿದ, ಆಮೇಲೆ ಪೇಪರಿನ ಮೇಲೆ ತಲೆಯಿಟ್ಟು ನಿದ್ದೆಹೋದ. ಲೆಕ್ಕದ ಟೀಚರು ಎಬ್ಬಿಸಿದರು. ಮತ್ತೆ ಮಲಗಿದ. ಒಂದು ಬೆಳಗ್ಗೆ ಲಾಂಡ್ರಿ ತಪ್ಪಿಸಿದರೆ ವರ್ಷಗಳ ನಿದ್ದೆ ತೀರುತ್ತದೆಯೇ? ಸಾಹೇಬರು ಅವನ ಪಕ್ಕದಲ್ಲೇ ಹಾದು ಹೋದರು, ತುಟಿಯಂಚಿನಲ್ಲಿ ನಕ್ಕರು.

ಚಿಣ್ಣಿ ಕೂಡುವುದನ್ನೆಲ್ಲ ಮಾಡಿದಳು. ಉಳಿದದ್ದು ಖಾಲಿ. ಹೊರಗೆ ಬಂದು, "ಗೊತ್ತಿದ್ದದ್ದು ಬರೆದೆ ಅಮ್ಮ" ಎಂದಳು. ಗಂಟೆಯಕ್ಕ ಅವಳ ಅಂಗಿಯ ಭುಜ ನೇರ ಮಾಡಿದಳು. ಆ ಕ್ಷಣಕ್ಕೆ ಎದೆ ತುಂಬಿತ್ತು. ಅದನ್ನು ಸುಳ್ಳು ಎನ್ನಲಾಗದು.

ಫಲಿತಾಂಶ ಬಂದಾಗ ಎಲ್ಲ ಶಾಲೆಗಳಿಗಿಂತ ಕೆಳಗೆ ಅವರ ಶಾಲೆ ಇತ್ತು. ಇಷ್ಟು ಕುಸಿಯಲು ಕಾರಣವೇನೆಂದು ವಿಚಾರಿಸಲು ಮತ್ತೆ ಜೀಪು ಬಂತು. ಲೆಕ್ಕದ ಟೀಚರು ಲಾಂಡ್ರಿಯ ವಿಷಯ ಹೇಳಿದರು, ಮೇಷ್ಟ್ರುಗಳಿಲ್ಲದ ವಿಷಯ ಹೇಳಿದರು, ಕಕ್ಕಸಿನ ವಿಷಯವನ್ನೂ ಹೇಳಿದರು. ಪೋಷಕರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಸಾಹೇಬರು ಬರೆದುಕೊಂಡರಂತೆ. ಟೀಚರೇ ಹೊರಗೆ ಬಂದು ಹೇಳಿದ್ದು ಇದು. ಮುಂದಿನ ವಾರ ಅವರಿಗೆ ದೂರದ ಶಾಲೆಗೆ ವರ್ಗವಾಯಿತು.

ಶಾಲೆಗೆ ಬೀಗ ಬಿದ್ದು ಬೆಂಚುಗಳನ್ನು ಲಾರಿಗೆ ಹಾಕುವ ದಿನ ಹೆಡ್‌ಮಾಸ್ಟರು ಅಂಗಳದಲ್ಲಿ ಗಂಟೆಯಕ್ಕನ ಎದುರಿಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಇನ್ನೊಂದು ಕುರ್ಚಿ ಕೊಡ್ತಾರೆ" ಎಂದರು. "ನೀನು ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ನಿನಗೆ ಏನು ಸಿಕ್ತು?"

ಗಲ್ಲಿಯಲ್ಲೂ ಅದೇ ಪ್ರಶ್ನೆ. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಹೆದ್ದಾರಿಯ ಆಚೆ ಮಕ್ಕಳನ್ನು ಕಳಿಸಿ ಬರಲು ಯಾರಿಗೆ ಬಿಡುವಿದೆ? ಲಾಂಡ್ರಿಗೆ ಬಿಡುವಿತ್ತು, ಜಾಗವೂ ಇತ್ತು. ಅವಳಿಜವಳಿ ಅಲ್ಲಿ ಸೇರಿದರು. ಉಗ್ಗು ಮಾತಿನ ಹುಡುಗಿ ಸೇರಿದಳು. ಇಸ್ತ್ರಿಯಜ್ಜಿ ಬಹಳ ದಿನ ಮಾತೇ ಆಡಲಿಲ್ಲ. ಒಂದು ಸಂಜೆ ಮೊಮ್ಮಗನ ಅಂಗೈಗೆ ಎಣ್ಣೆ ಸವರುತ್ತಾ, ಹೋಗುತ್ತಿದ್ದವಳನ್ನು ನಿಲ್ಲಿಸಿತು.

"ನೀನು ಸುಳ್ಳು ಹೇಳ್ತಿದ್ದಾಗಲೇ ಚೆನ್ನಾಗಿತ್ತು ಕಣೇ. ಯಾರೋ ಒಬ್ಬರಿಗೆ ನಮ್ಮ ಮೇಲೆ ಕರುಣೆ ಇದೆ ಅಂತ ಇದ್ದೆ."

ಬೈಗುಳವಾಗಿರಲಿಲ್ಲ ಅದು. ಗಂಟೆಯಕ್ಕ ತಲೆ ತಗ್ಗಿಸಿ ಮುಂದೆ ನಡೆದಳು.

ಮನೆಯಲ್ಲಿ ಅಡಿಗೆಗೆ ಇಡುವುದು ದಿನದಿನಕ್ಕೆ ಕಡಿಮೆಯಾಯಿತು. ಆದರೂ ಚಿಣ್ಣಿಯನ್ನು ಲಾಂಡ್ರಿಗೆ ಕಳಿಸಲಿಲ್ಲ. ಯೂನಿಫಾರ್ಮ್ ಹಾಕಿಸಿ, ಕೈ ಹಿಡಿದು, ಹೆದ್ದಾರಿಯ ಆಚೆಯ ಶಾಲೆಗೆ ಕರೆದುಕೊಂಡು ಹೋದಳು. ಲಾರಿಗಳ ನಡುವೆ ರಸ್ತೆ ದಾಟುವಾಗ ಅವಳ ಹಿಡಿತಕ್ಕೆ ಹುಡುಗಿಯ ಮಣಿಕಟ್ಟು ಕೆಂಪಾಯಿತು.

ಅದು ದೊಡ್ಡ ಶಾಲೆ. ಬಣ್ಣ ಹೊಡೆದ ಗೋಡೆ. ಆಫೀಸಿನ ಗುಮಾಸ್ತ ಬಹಳ ಹೊತ್ತು ನಿಲ್ಲಿಸಿ ಆಮೇಲೆ ತಲೆ ಎತ್ತಿದ.

"ಯಾವ ಶಾಲೆಯಿಂದ?"

ಹೇಳಿದಳು.

"ಓ, ಆ ಮುಚ್ಚಿದ ಶಾಲೆ." ಅವನು ಪಕ್ಕದವನ ಕಡೆ ನೋಡಿದ. "ಈಗ ಆಗಲ್ಲಮ್ಮ. ಸಾಹೇಬರು ಈ ವರ್ಷ ದೊಡ್ಡ ಶಾಲೆಗಳಿಗೆ ಇನ್ನೊಂದು ಸುತ್ತು ಪರೀಕ್ಷೆ ಇಟ್ಟಿದ್ದಾರೆ, ಅದು ಹತ್ತಿರ ಬಂದಿದೆ. ಅದು ಮುಗೀಲಿ. ಆಮೇಲೆ ಬನ್ನಿ, ಸೇರಿಸ್ಕೊಳ್ಳೋಣ."

"ಆಮೇಲೆ ಅಂದ್ರೆ ವರ್ಷ ಮುಗಿದುಹೋಗುತ್ತೆ ಸಾರ್."

"ಮುಗೀಲಿ. ಇನ್ನೊಂದು ವರ್ಷ ಬರಲ್ವಾ?"

ಅವಳು ಕದಲಲಿಲ್ಲ. ಅಲ್ಲೇ ನಿಂತಳು. ಮಗಳು ಅವಳ ಪಕ್ಕದಲ್ಲಿ ನಿಂತಳು. ಹತ್ತಿರದ ಕ್ಲಾಸಿನಲ್ಲಿ ಯಾರೋ ಭಿನ್ನರಾಶಿ ಹೇಳಿಕೊಡುತ್ತಿದ್ದರು, ಮಕ್ಕಳು ಒಟ್ಟಿಗೆ ಉತ್ತರ ಕೂಗುತ್ತಿದ್ದರು. ಚಿಣ್ಣಿಯ ತುಟಿ ಅಲುಗುತ್ತಿತ್ತು.

ಗುಮಾಸ್ತ ಮತ್ತೆ ನೋಡಿದ. ಈ ಸಲ ಅವಳ ಕೈ ನೋಡಿದ. "ಆ ಶಾಲೆಯಲ್ಲಿ ಕೆಲಸಕ್ಕಿದ್ದವಳು ನೀನೇ ಅಲ್ವಾ? ಗುಡಿಸೋದು, ತೊಳೆಯೋದು?"

"ಹೌದು."

"ಇಲ್ಲಿ ಒಬ್ಬರು ಬೇಕು. ಇದ್ದವಳು ಬಿಟ್ಟು ಹೋದ್ಲು. ನಾಳೆಯಿಂದ ಬಾ." ಚಿಣ್ಣಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಇವಳನ್ನೂ ಕರ್ಕೊಂಡು ಬಾ. ಇಲ್ಲಿ ಕಕ್ಕಸು ಜಾಸ್ತಿ. ಒಬ್ಬಳ ಕೈಲಿ ಆಗಲ್ಲ."

ಬೇಕಾಗಿದ್ದ ಕೆಲಸ. ಮನೆಯ ಒಲೆ ಅವಳ ಕಣ್ಣ ಮುಂದೆ ಬಂತು. ಸೊಂಟ ನೋಯುತ್ತಿತ್ತು. ಗೋಡೆಗೆ ಒರಗಿದಳು.

"ನಾನು ಬರ್ತೀನಿ" ಎಂದಳು. "ಇವಳು ಬರಲ್ಲ. ಇವಳು ಬಂದ್ರೆ ಒಳಗೆ ಕೂರೋಕೆ ಬರ್ತಾಳೆ."

"ಕೂರೋ ಮಾತು ಆಮೇಲೆ ಅಂದ್ನಲ್ಲ."

"ಹಾಗಾದ್ರೆ ತೊಳೆಯೋ ಮಾತೂ ಆಮೇಲೆ."

ಗುಮಾಸ್ತ ಪೆನ್ನು ಕೆಳಗಿಟ್ಟ. "ಎಷ್ಟು ಸೊಕ್ಕು ನೋಡು. ಇದಕ್ಕೇ ಬೀಗ ಬಿದ್ದಿದ್ದು ನಿಮ್ಮ ಶಾಲೆಗೆ. ಇಬ್ಬರೂ ಬೇಡ, ಹೋಗಿ."

ಅವಳು ಮಗಳ ಕೈ ಹಿಡಿದು ಹೊರಗೆ ಬಂದಳು. ತಲೆ ಎತ್ತಿಯೇ ನಡೆದಳು. ಗೇಟು ದಾಟುವವರೆಗೂ ಎತ್ತಿದ್ದ ತಲೆ ಎತ್ತಿಯೇ ಇತ್ತು. ತಾನು ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡಳು. ಇನ್ನೊಮ್ಮೆ ಎಂದುಕೊಂಡಳು.

ಹೆದ್ದಾರಿಯ ಅಂಚಿಗೆ ಬಂದು ನಿಂತರು. ಚಿಣ್ಣಿ ಕೈ ಬಿಡಿಸಿಕೊಂಡಳು.

"ಒಪ್ಕೋಬೇಕಿತ್ತು ಅಮ್ಮ."

"ಏನು?"

"ಬರ್ತೀನಿ ಅನ್ನಬೇಕಿತ್ತು. ಆ ಕ್ಲಾಸಿನ ಕಿಟಕಿ ತೆಗೆದೇ ಇತ್ತು. ನಾನು ಜಗಲಿ ಗುಡಿಸ್ತಾ ಕೇಳಿಸ್ಕೊಳ್ತಿದ್ದೆ."

ತಾಯಿ ಮಗಳ ಮುಖ ನೋಡಿದಳು. ಹುಡುಗಿ ಸಿಟ್ಟಿನಿಂದ ಹೇಳಿರಲಿಲ್ಲ. ಯೋಚಿಸಿ ಹೇಳಿದ್ದಳು, ದೊಡ್ಡವರ ಹಾಗೆ. ಒಂದರ ಹಿಂದೆ ಒಂದರಂತೆ ಲಾರಿಗಳು ಬರುತ್ತಲೇ ಇದ್ದವು. ಇಬ್ಬರೂ ಧೂಳಿನಲ್ಲಿ ನಿಂತರು, ದಾಟಲು ಜಾಗ ಸಿಗಲಿ ಎಂದು.